ಕೇಳಿದವರು ಎದ್ದು ಹೋಗಬೇಕಾದ ತಮಟೆ

ಬೆಳಕು ಇನ್ನೂ ಕಾಫಿ ಗಿಡಗಳ ಬುಡಕ್ಕೆ ಇಳಿದಿಲ್ಲ. ಕೂಲಿಯವರ ಲೈನ್ ಮನೆಗಳ ಸಾಲಿನ ಕೊನೆಯ ಬಾಗಿಲ ಮುಂದೆ ಪುಟ್ಟದೊಂದು ಬೆಂಕಿ. ಉದುರಿದ ಸಿಲ್ವರ್ ಓಕ್ ಎಲೆ, ನಾಲ್ಕು ಒಣ ರೆಂಬೆ, ಅಷ್ಟೇ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿರುವ ಜವರಯ್ಯ ತಮ್ಮ ತಮಟೆಯನ್ನು ರೊಟ್ಟಿಯ ಹಾಗೆ ತಿರುವಿ ತಿರುವಿ ಕಾಯಿಸುತ್ತಿದ್ದಾರೆ. ರಾತ್ರಿಯೆಲ್ಲ ಮಂಜು ಕುಡಿದ ಚರ್ಮ ಜೋತುಬಿದ್ದಿದೆ. ಬೆರಳಿನಿಂದ ಒಮ್ಮೆ ತಟ್ಟಿ, ಕಿವಿಗಿಟ್ಟು, "ಇನ್ನೂ ನಿದ್ದೆಗಣ್ಣಲ್ಲೇ ಅದೆ" ಅನ್ನುತ್ತಾರೆ. ಕೇಳುವುದಕ್ಕೆ ಪಕ್ಕದಲ್ಲಿ ಯಾರೂ ಇಲ್ಲ. ಮತ್ತೆ ಕಾಯಿಸುತ್ತಾರೆ.

ಚರ್ಮ ಬಿಗಿಯಾಗಿ ಟಣ್ ಎಂದ ಮೇಲೆ ತಲೆಗೆ ಮಂಕಿ ಕ್ಯಾಪು, ಕಾಲಿಗೆ ಗಮ್ ಬೂಟು, ಹೆಗಲಿಗೆ ತಮಟೆ. ಗೋಣಿಕೊಪ್ಪಲಿನಿಂದ ವಿರಾಜಪೇಟೆಗೆ ಹೋಗುವ ದಾರಿ ಬಿಟ್ಟು ಒಳಗೆ ಸಾಕಷ್ಟು ದೂರ ಬಂದರೆ ಸಿಗುವ ಈ ಎಸ್ಟೇಟಿನಲ್ಲಿ ಅವರ ಕೆಲಸ ಇದೇ. ಕಾಫಿ ಹಣ್ಣು ಕುಯ್ಯುವ ಹೆಂಗಸರು ತೋಟಕ್ಕೆ ಕಾಲಿಡುವ ಮೊದಲು ಒಬ್ಬರೇ ಒಳಗೆ ಹೋಗಿ, ತಮಟೆ ಬಡಿಯುತ್ತ ಕೆರೆಯವರೆಗೂ ಇಳಿದು, ಸುತ್ತಿ ಬರಬೇಕು. ರಾತ್ರಿ ನೀರಿಗೆ ಬಂದು ನೆರಳಲ್ಲಿ ಉಳಿದುಕೊಂಡ ಆನೆಗಳಿದ್ದರೆ ಸದ್ದಿಗೆ ಎದ್ದು ಅತ್ತ ಕಾಡಿಗೆ ಹೋಗಬೇಕು. ತೋಟದ ಒಂದು ಬ್ಲಾಕ್ ಮುಗಿಸಿ ಇನ್ನೊಂದು.

"ಮದ್ವೇಲಿ ಬಾರಿಸಿದ್ರೆ ಜನ ಸೇರ್ತರೆ. ಇಲ್ಲಿ ನಾನ್ ಬಾರಿಸದ್ ಕೇಳ್ದೋರು ಎದ್ದು ಹೋದ್ರೆ ಕೆಲ್ಸ ಆಯ್ತು ಅಂತ" ಎನ್ನುತ್ತಾರೆ ಜವರಯ್ಯ. ನಗು ತುಟಿಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ.

ಅಜ್ಜಿಯರು ಹೇಳುವ ಕತೆಗಳಲ್ಲಿ ಡಂಗುರ ಸಾರುವವನೊಬ್ಬ ಬಂದೇ ಬರುತ್ತಾನೆ. ರಾಜಕುಮಾರಿಗೆ ಸ್ವಯಂವರವೋ, ಊರಿಗೆ ರಾಕ್ಷಸನ ಕಾಟವೋ, ಮೊದಲು ಬೀದಿಯಲ್ಲಿ ಅವನ ಡಂಗುರ. ಅವನು ಬಡಿದು ಮುಗಿಸುತ್ತಿದ್ದಂತೆ ಕತೆ ಅರಮನೆಯೊಳಕ್ಕೆ ಹೋಗಿಬಿಡುತ್ತದೆ. ಬೀದಿಯಲ್ಲಿ ಉಳಿದವನು ಆಮೇಲೆ ಎಲ್ಲಿಗೆ ಹೋದ, ಉಂಡನೋ ಇಲ್ಲವೋ, ಅವನ ಹೆಸರೇನು, ಯಾವ ಅಜ್ಜಿಯೂ ಹೇಳುವುದಿಲ್ಲ. ಮೊಮ್ಮಕ್ಕಳೂ ಕೇಳುವುದಿಲ್ಲ.

ಜವರಯ್ಯ ಹುಟ್ಟಿದ್ದು ಕುಶಾಲನಗರದ ಹತ್ತಿರದ ಹಳ್ಳಿಯಲ್ಲಿ. ಮೈಸೂರು ಸೀಮೆಯಿಂದ ಬೇಸಾಯಕ್ಕೆಂದು ಬಂದು ನೆಲೆಸಿದವರ ಕೇರಿ ಅದು. ತಮಟೆ ಕಲಿಸಿದ್ದು ಸೋದರಮಾವ. ಮಾವ ಹಾಡು ಕಲಿಸಲಿಲ್ಲ, ಕುಣಿತ ಕಲಿಸಲಿಲ್ಲ, ವರ್ಷಗಟ್ಟಲೆ ಬರೀ ಕೈ ಕಲಿಸಿದ. ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ಸಣ್ಣ ಬಿದಿರು ಕಡ್ಡಿ. "ಬಲಗೈಗೆ ಏನೂ ಹೇಳ್ಕೊಡದ್ ಬ್ಯಾಡ, ಅದು ಉಣ್ಣದ್ ಕಲ್ತ್ ದಿನ್ವೇ ಎಲ್ಲಾ ಕಲ್ತದೆ. ಎಡಗೈನ ಕೂರ್ಸ್ಕೊಂಡು ಪಾಠ ಮಾಡು ಅಂತಿದ್ದ ನಮ್ಮಾವ."

ಆ ಪಾಠಗಳಿಗೆಲ್ಲ ಮನೆತನದವರೇ ಇಟ್ಟ ಹೆಸರುಗಳಿವೆ. ಎಡಗೈ ಕಡ್ಡಿ ಚರ್ಮದ ಮೇಲೆ ಎರಡು ಸಲ ಪರಪರ ಕೆರೆದು, ಬಲಗೈ ಒಂದೇ ಸಲ ಕುಕ್ಕಿದರೆ ಅದು 'ಕೋಳಿ ಕೆದಕು'. ನಡೆಯುತ್ತ ನಡೆಯುತ್ತ ಒಂದು ಪೆಟ್ಟು ನುಂಗಿಬಿಟ್ಟರೆ 'ಕುಂಟು'. ದೊಡ್ಡ ಪೆಟ್ಟಿಗೆ ಕೂದಲೆಳೆಯಷ್ಟು ಮೊದಲು ಎಡಗೈ ಮೆಲ್ಲಗೆ ಮುಟ್ಟಿ, ಅದರ ಬೆನ್ನಿಗೇ ಬಲಗೈ ಬಿದ್ದರೆ 'ಹೊಸ್ತಿಲು'. ಮದುಮಗಳು ಗಂಡನ ಮನೆಯ ಹೊಸ್ತಿಲ ಮೇಲೆ ಕಾಲೂರಿ ಒಳಗೆ ಇಳಿಯುವ ಗಳಿಗೆಗೆಂದೇ ಇಟ್ಟದ್ದು. ಎಲ್ಲಕ್ಕಿಂತ ಕಷ್ಟದ್ದು 'ಅತ್ತೆ–ಸೊಸೆ'. ಬಲಗೈ ಅತ್ತೆ, ಎಡಗೈ ಸೊಸೆ. ಅತ್ತೆ ಒಂದು ಅಂದರೆ ಸೊಸೆ ಒಂದು, ಕೂಡಲೇ ಅತ್ತೆ ಎರಡು. ಮುಂದಿನ ಸುತ್ತಿನಲ್ಲಿ ಮಾತು ಎತ್ತುವುದೇ ಸೊಸೆ. ಅವಳು ಒಂದು, ಅತ್ತೆ ಒಂದು, ಸೊಸೆ ಎರಡು. ಹೀಗೆ ಜಗಳ ಹೊರಳುತ್ತಲೇ ಹೋಗುತ್ತದೆ. ಇಬ್ಬರ ದನಿಯೂ ಒಂದೇ ಸಮನಾಗಿರಬೇಕು. ಯಾರದು ಯಾವುದು ಎಂದು ಹೊರಗಿನವರಿಗೆ ತಿಳಿಯಬಾರದು.

ತಿಳಿಯಬಾರದ್ದನ್ನು ಯಾಕಾದರೂ ಕಲಿಯಬೇಕು? ಈ ಪ್ರಶ್ನೆ ಜವರಯ್ಯನವರಿಗೆ ಹೊಸದಲ್ಲ. ಮದುವೆಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಜೊತೆಗಾರರೇ ಕೇಳುತ್ತಿದ್ದರು. "ಲೋ ಜವರ, ಕುಣಿಯೋರ್ಗೆ ನಾಕು ಪೆಟ್ಟು ಸಾಕು ಕಣೋ. ನೀನ್ ಅಲ್ಲೇನ್ ಕೋಳಿ ಕೆದಕ್ತಾ ಕೂತಿದ್ದೀಯ?" ಎಂದು ನಂದೀಶ್ ಎಂಬ ಗೆಳೆಯ ರೇಗಿಸುತ್ತಿದ್ದ. ಆಮೇಲೆ ಮದುವೆಗಳಿಗೆ ಡಿಜೆ ಬಂತು, ಆ ನಾಲ್ಕು ಪೆಟ್ಟೂ ಬೇಡವಾಯಿತು. ನಂದೀಶ್ ಈಗ ಕುಶಾಲನಗರದಲ್ಲಿ ಆಟೊ ಓಡಿಸುತ್ತಾನೆ. ಉಳಿದವರಲ್ಲಿ ಒಬ್ಬ ಹೋಂಸ್ಟೇ ಗೇಟು ಕಾಯುತ್ತಾನೆ, ಇನ್ನೊಬ್ಬ ಬದುಕಿಲ್ಲ. ತಮಟೆ ಕೆಳಗಿಡದವರು ಜವರಯ್ಯ ಒಬ್ಬರೇ. ಕೆಳಗಿಡದವರಿಗೆ ಸಿಕ್ಕಿದ್ದು ಆನೆ ಎಬ್ಬಿಸುವ ಕೆಲಸ.

ಹೆಂಡತಿ ವನಜಮ್ಮ ತೀರಿಕೊಂಡು ಬಹಳ ಕಾಲವಾಗಿದೆ. ಮಗಳು ವೀಣಾಳನ್ನು ಸೋಮವಾರಪೇಟೆಗೆ ಕೊಟ್ಟಿದ್ದಾರೆ. ಭಾನುವಾರ ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಫೋನು ಮಾಡುತ್ತಾರೆ. ಒಮ್ಮೆ ಮಾತೆಲ್ಲ ಮುಗಿದು ಏನೂ ತೋಚದೆ, ಫೋನನ್ನು ಕಲ್ಲಿನ ಮೇಲಿಟ್ಟು ಅತ್ತೆ–ಸೊಸೆ ಬಾರಿಸಿದ್ದರು. "ಮಗ ಎದ್ಬುಡ್ತದೆ ಅಪ್ಪೋ, ಈಗ್ತಾನೆ ಮಲಗ್ಸಿದ್ದೀನಿ" ಎಂದಳು ಮಗಳು. ತಪ್ಪೇನಿಲ್ಲ, ಮಗು ಮಲಗಿದ್ದು ನಿಜ. ಅಂದಿನಿಂದ ಫೋನಿನಲ್ಲಿ ಬಾರಿಸಿಲ್ಲ.

ದಿನಾ ನಸುಕಿನಲ್ಲಿ ಬೆಂಕಿ ಹೊತ್ತಿಸುವ ಮೊದಲು, ಮನೆಯ ಮೆಟ್ಟಿಲಿಗೆ ಗೋಣಿಚೀಲ ಮಡಚಿ ಹಾಸಿ, ಅದರ ಮೇಲೆ ಎಲ್ಲ ಪಾಠಗಳನ್ನೂ ಒಂದು ಸುತ್ತು ಒಪ್ಪಿಸುತ್ತಾರೆ. ಗೋಣಿಯ ಮೇಲೆ ಸದ್ದು ಬರುವುದಿಲ್ಲ, ಪಕ್ಕದ ಮನೆಯವರ ನಿದ್ದೆ ಕೆಡುವುದಿಲ್ಲ. ಎಡಗೈ ಹೆಬ್ಬೆರಳ ಬುಡದಲ್ಲಿ ಈಚೆಗೆ ನೋವು. ಚಳಿಯಲ್ಲಿ ಬೆರಳು ಮಡಚುವುದಿಲ್ಲ. ಎರಡು ವರ್ಷದ ಹಿಂದೆ ಮರಿ ಇದ್ದ ಹೆಣ್ಣಾನೆಯೊಂದು ಅಟ್ಟಿಸಿಕೊಂಡು ಬಂದಾಗ ಬಿದ್ದು, ತಮಟೆಯ ಅಂಚಿನ ಬಳೆ ಸೀಳಿತ್ತು. ತಂತಿ ಸುತ್ತಿ ಅದನ್ನೇ ಇಟ್ಟುಕೊಂಡಿದ್ದಾರೆ. "ಫೈಬರ್ ತಮಟೆ ತಕ್ಕೊಳ್ಳಿ ಜವರಣ್ಣ, ಕಾಯಿಸೋ ರಗಳೆಯೇ ಇಲ್ಲ" ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸತೀಶ್ ಹೇಳಿ ಸಾಕಾಗಿದ್ದಾರೆ. "ಅದ್ರ ಮೇಲೆ ಕೋಳಿ ಕೆದಕಲ್ಲ" ಎಂಬುದು ಜವರಯ್ಯನವರ ಉತ್ತರ. ಸತೀಶ್‌ಗೆ ಅರ್ಥವಾಗುವುದಿಲ್ಲ. ಅರ್ಥ ಮಾಡಿಸುವ ಗೋಜಿಗೆ ಇವರೂ ಹೋಗುವುದಿಲ್ಲ.

ಹೀಗೆ ಯಾರ ತಂಟೆಗೂ ಹೋಗದೆ ನಡೆಯುತ್ತಿದ್ದ ಬದುಕಿಗೆ ಈ ಸಲದ ಪಿಕ್ಕಿಂಗ್ ಶುರುವಾದ ಮೇಲೆ ಒಂದು ಕಂಟಕ ಬಂತು. ತಂದದ್ದು ಒಂದು ಒಂಟಿ ಸಲಗ.

ಆವತ್ತು ಕೆರೆಯ ಬದಿಯ ಅತ್ತಿಮರದ ಕೆಳಗೆ ಅದು ನಿಂತಿತ್ತು. ಜವರಯ್ಯ ಮಾಮೂಲಿನಂತೆ ದೂರದಿಂದಲೇ ಜೋರು ಪೆಟ್ಟು ಹಾಕಿದರು. ಸಲಗ ಕಿವಿ ಬೀಸಿತು, ಹೋಗಲಿಲ್ಲ. ಇನ್ನೂ ಜೋರು ಹಾಕಿದರು. ಹೋಗಲಿಲ್ಲ. ದಪ್ಪ ಬಂಡೆಯೊಂದರ ಮರೆ ಸೇರಿ, ಕೈ ಸೋಲುವವರೆಗೂ ಬಡಿದು, ಇನ್ನೇನೂ ಉಳಿಯದಿದ್ದಾಗ ಅವರ ಕೈ ತಾನಾಗಿ ಮಾವನ ಪಾಠಕ್ಕೆ ಇಳಿಯಿತು. ಕೆದಕು ಆಯಿತು, ಕುಂಟು ಆಯಿತು. ಅತ್ತೆ–ಸೊಸೆಗೆ ಬಂದಾಗ ಸಲಗದ ಕಿವಿ ಬೀಸುವುದು ನಿಂತಿತು. ಸೊಂಡಿಲು ನೇರ ಕೆಳಗೆ ಬಿಟ್ಟುಕೊಂಡು, ಅಲುಗದೆ, ಅದು ಹಾಗೇ ನಿಂತುಕೊಂಡಿತು. ಜವರಯ್ಯ ನಿಲ್ಲಿಸಲಿಲ್ಲ. ಬಿಸಿಲು ಮರದ ತುದಿಯಿಂದ ಇಳಿದು ಕೆರೆಯ ನೀರಿಗೆ ಬೀಳುವವರೆಗೂ ಜಗಳ ನಡೆಯಿತು. ಅತ್ತೆಯೂ ಸೋಲಲಿಲ್ಲ, ಸೊಸೆಯೂ ಸೋಲಲಿಲ್ಲ.

"ಕೇಳ್ತಿತ್ತೋ, ಹೊಟ್ಟೆ ತುಂಬಿ ನಿಂತಿತ್ತೋ, ನಂಗೇನ್ ಗೊತ್ತು" ಎನ್ನುತ್ತಾರೆ ಜವರಯ್ಯ. "ಆದ್ರೆ ಮುಗಿಯೋಗಂಟ ಹೋಗ್ಲಿಲ್ಲ" ಎಂದು ಸೇರಿಸುತ್ತಾರೆ.

ಹೆಂಗಸರು ಆವತ್ತು ತೋಟದ ಹೊರಗೇ ಕೂತರು. ಬೆಳಗಿನ ಕುಯ್ಲು ಪೂರ್ತಿ ಹೋಯಿತು. ಸತೀಶ್ ಬೆಟ್ಟದ ಮೇಲಿಂದ ಎಲ್ಲ ನೋಡಿದ್ದರು. "ಆನೆ ಓಡ್ಸಿ ಬನ್ನಿ ಅಂತ ಕಳಿಸಿದ್ರೆ ಇವ್ರು ಅದಕ್ಕೆ ಕಛೇರಿ ಕೊಟ್ಟು ಕೂತಿದ್ರು ಸಾರ್" ಎಂದು ತೋಟದ ಮಾಲೀಕರಾದ ನಾಣಯ್ಯನವರಿಗೆ ವರದಿ ಹೋಯಿತು.

ನಾಣಯ್ಯ ಕೆಟ್ಟವರಲ್ಲ. ಕರೆಸಿ, ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟೇ ಹೇಳಿದರು.

"ಎಂತ ಜವರಯ್ಯ, ಆನೆಗೆ ಪಾಠ ಹೇಳಿಕೊಡ್ತಿಯಂತೆ?"

"ಇಲ್ಲ ಸಾವ್ಕಾರ್ರೆ. ಹೋಗ್ಲಿಲ್ಲ ಅದು."

"ಹೋಗದ ಹಾಗೆ ಬಾರಿಸಿದ್ರೆ ಎಂಥದ್ದು ಹೋಗುದು? ನೋಡು ಮಾರಾಯ, ಜೀಪಿಗೆ ಕಟ್ಟುವ ಸ್ಪೀಕರ್ ತರಿಸಿ ಇಟ್ಟಾಗಿದೆ. ಹುಲಿ ಗರ್ಜನೆ ಉಂಟು ಅದರಲ್ಲಿ. ಸ್ವಿಚ್ ಹಾಕಿದ್ರೆ ಆಯ್ತು. ನೀನು ಹಳಬ ಅಂತ ನಾನು ಸುಮ್ಮನಿದ್ದೇನೆ. ಸೋಮವಾರದಿಂದ ಜೋರು ಪೆಟ್ಟು ಮಾತ್ರ. ನಿನ್ನ ಅತ್ತೆ–ಸೊಸೆ ಜಗಳ ಎಲ್ಲ ಮನೆಯಲ್ಲೇ ಇರ್ಲಿ. ಇನ್ನೊಂದು ದಿನ ಕೆಲಸ ನಿಂತ್ರೆ ಸ್ಪೀಕರೇ."

"ಆಗ್ಲಿ ಸಾವ್ಕಾರ್ರೆ" ಎಂದು ಬಂದರು ಜವರಯ್ಯ. ಬೇರೆ ಏನು ಹೇಳಲು ಸಾಧ್ಯ? ತಮಟೆ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಲೈನ್ ಮನೆಯೂ ಹೋಗುತ್ತದೆ. ಆ ಭಾನುವಾರ ಗುಡ್ಡ ಹತ್ತಿದರೂ ಮಗಳಿಗೆ ಇದನ್ನು ಹೇಳಲಿಲ್ಲ. ಚಳಿ ಜಾಸ್ತಿ, ಮಗೂಗೆ ಟೋಪಿ ಹಾಕು ಎಂದಷ್ಟೇ ಹೇಳಿ ಇಳಿದರು.

ಸೋಮವಾರ ನಸುಕಿನಲ್ಲಿ ಮೆಟ್ಟಿಲ ಮೇಲೆ ಗೋಣಿ ಹಾಸಲಿಲ್ಲ. ಬೆಂಕಿ ಮಾತ್ರ ಹೊತ್ತಿಸಿದರು. ತೋಟಕ್ಕೆ ಹೋಗಿ ಹೇಳಿದ ಹಾಗೆಯೇ ಮಾಡಿದರು. ಎಡಗೈ ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈಯಲ್ಲಿ ಧಡ್ ಧಡ್ ಎಂದು ಬಡಿಯುತ್ತ ಕೆರೆಯವರೆಗೂ ಇಳಿದರು. ಆನೆ ಇರಲಿಲ್ಲ. ಹಳೆಯ ಲದ್ದಿ ಇತ್ತು, ಅದರಲ್ಲಿ ಅಷ್ಟಿಷ್ಟು ಕಾಫಿ ಬೀಜ ಇತ್ತು. ಸುತ್ತಿ ಮೇಲೆ ಬಂದು, ಬ್ಲಾಕಿನ ನಡುವಿನ ಬಂಡೆಯ ಮೇಲೆ ಕೂತು, ಹೆಂಗಸರ ಮಾತು ಕೇಳಿಸಲಿ ಎಂದು ಕಾದರು. ದಿನಾ ಮುಂದಿನ ಬ್ಲಾಕಿಗೆ ಹೊರಡುವಷ್ಟರಲ್ಲಿ ಬೆನ್ನ ಹಿಂದೆ ಯಾರಾದರೊಬ್ಬರ ನಗು, ಚೀಲ ಕೊಡವುವ ಸದ್ದು ಕೇಳುತ್ತದೆ. ಏನೂ ಇಲ್ಲ. ಒಂದು ಮರಕುಟಿಗ ಎಲ್ಲೋ ತನ್ನ ಪಾಡಿಗೆ ಕುಟ್ಟುತ್ತಿತ್ತು. ತೋಟದಲ್ಲಿ ಒಬ್ಬರೇ ಇರುವುದು ಅವರಿಗೆ ಅಭ್ಯಾಸ. ಆದರೆ ಆವತ್ತಿನ ಒಬ್ಬರೇ ಇರುವುದು ಬೇರೆ ಥರ ಇತ್ತು ಎನ್ನುತ್ತಾರೆ. "ಎಲ್ರೂ ಬಿಟ್ಟು ಹೋದ್ರೇನೋ ಅನ್ನಿಸ್ಬುಡ್ತು. ಸ್ಪೀಕರ್ ಕಟ್ಬುಟ್ರು, ನಂಗೇ ಹೇಳದ್ ಮರ್ತರೆ ಅನ್ಕಂಡೆ."

ಅತ್ತ ತೋಟದ ಬಾಯಲ್ಲಿ ಬೇರೆಯೇ ನಡೆಯುತ್ತಿತ್ತು. ಬಿದಿರ ಬೊಂಬು ಅಡ್ಡ ಹಾಕಿದ ಉಣುಗೋಲಿನ ಹೊರಗೆ ಹೆಂಗಸರೆಲ್ಲ ಚೀಲ ಹಿಡಿದು ನಿಂತಿದ್ದಾರೆ. ಬೊಂಬು ಸರಿಸಿ ಒಳಗೆ ಹೋಗುತ್ತಿಲ್ಲ. ಸತೀಶ್ ಬೈಕು ನಿಲ್ಲಿಸಿ ಕೇಳಿದ್ದಾರೆ.

"ಎಂತ, ಆನೆ ಉಂಟಾ?"

"ಗೊತ್ತಿಲ್ಲ" ಎಂದರಂತೆ ಸಿದ್ದಿ ಎಂಬುವರು. ಆ ಗುಂಪಿಗೆಲ್ಲ ಹಿರಿಯರು, ಈ ತೋಟದಲ್ಲಿ ಹಣ್ಣು ಕುಯ್ದೇ ಕೂದಲು ನೆರೆತವರು.

"ಜವರಣ್ಣ ಬಡ್ದದ್ದು ಕೇಳಲಿಲ್ವಾ? ಅಲ್ಲಿ ಬೆಟ್ಟದ ತನಕ ಕೇಳಿದೆ ನಂಗೆ."

"ಬಡ್ದ. ಕರೀಲಿಲ್ಲ."

"ಏನು ಕರೆಯೋದು? ನಿಮ್ಗೇನು ಎಲೆ ಅಡಿಕೆ ಇಟ್ಟು ಕರೀಬೇಕಾ?"

"ಬಾ ಅಂತ ಒಂದು ಹೊಡೀತಾನಲ್ಲ ಕಡೇಗೆ. ಅದು ಹೊಡೀಲಿಲ್ಲ. ಅದು ಹೊಡೀದೆ ನಾವು ಹೋಗದಿಲ್ಲ. ನೀನು ಬೇಕಾರೆ ಹೋಗಿ ನೋಡ್ಕೊಂಡು ಬಾ."

ಹಿಂದೆ ನಿಂತಿದ್ದವರು ಕಿಸಕ್ಕೆಂದರು. ಜವರಯ್ಯನವರಿಗೆ ಫೋನು ಮಾಡೋಣವೆಂದು ಸತೀಶ್ ನೋಡಿದರೆ ಸಿಗ್ನಲ್ ಇಲ್ಲ. ಬೇರೆ ದಾರಿ ಕಾಣದೆ ಬೊಂಬು ಹಾರಿ, ಗಿಡಗಳ ನಡುವೆ ಹೆಜ್ಜೆಗೊಮ್ಮೆ ಕಿವಿಗೊಡುತ್ತ, ಜವರಯ್ಯ ಕೂತಿದ್ದ ಬಂಡೆಯವರೆಗೂ ಅವರೇ ಬಂದರು. ಬೆವರು ಒರೆಸಿಕೊಂಡು ಹೇಳಿದರು, "ಅದೇನೋ ಬಾ ಅನ್ನೋ ಪೆಟ್ಟಂತೆ ಜವರಣ್ಣ. ಹೊಡೀರಿ ಒಂದ್ಸಲ. ಇಲ್ದಿದ್ರೆ ಅವರು ಅಲ್ಲೇ ಅಡುಗೆ ಮಾಡ್ಕೊಂಡು ಉಣ್ತಾರೆ."

"ಯಾವ್ ಪೆಟ್ಟು?"

"ನಂಗೇನ್ ಗೊತ್ತು ಮಾರಾಯ್ರೆ. ಕಡೇಗೆ ಹೊಡೆಯೋದಂತೆ."

ಕಡೆಗೆ ಹೊಡೆಯುವುದು. ಜವರಯ್ಯನವರಿಗೆ ಆಗ ಹೊಳೆಯಿತು. ಪ್ರತಿ ಬ್ಲಾಕ್ ಮುಗಿದ ಮೇಲೆ, ಎಲ್ಲ ಸದ್ದೂ ಅಡಗಿದ ಮೇಲೆ, ಅವರು ಒಂದೇ ಒಂದು ಹೊಸ್ತಿಲು ಬಾರಿಸುತ್ತಿದ್ದರು. ಆನೆಗಲ್ಲ, ಹೆಂಗಸರಿಗೂ ಅಲ್ಲ. ಮಾವ ಯಾವ ಕೆಲಸ ಮುಗಿಸಿದರೂ ಹೊಸ್ತಿಲು ಬಾರಿಸಿಯೇ ಕೋಲು ಕೆಳಗಿಡುತ್ತಿದ್ದ, ಅದಕ್ಕೆ. ಹೊರಗೆ ಕಾಯುತ್ತಿದ್ದವರು ಅದನ್ನು ತಮಗೇ ಎಂದುಕೊಂಡಿದ್ದಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಮಾತಾಡಿಕೊಂಡದ್ದೂ ಅಲ್ಲ. ಜೋರು ಪೆಟ್ಟು ಆನೆಗೆ, ಕಡೆಯ ಆ ಒಂದು ನಮಗೆ ಎಂದು. ವರ್ಷಗಳಿಂದ ಆ ಒಂದು ಪೆಟ್ಟು ಬಿದ್ದ ಮೇಲೆಯೇ ಬೊಂಬು ಸರಿಸಿ ಒಳಗೆ ಕಾಲಿಟ್ಟಿದ್ದಾರೆ. ಇವರು ಇತ್ತ ಬೆನ್ನು ಹಾಕಿ ಇನ್ನೊಂದು ಬ್ಲಾಕಿಗೆ ಹೋಗಿರುತ್ತಿದ್ದರಿಂದ ನೋಡಿಯೇ ಇರಲಿಲ್ಲ.

ಸೊಂಟದಿಂದ ಬಿದಿರು ಕಡ್ಡಿ ತೆಗೆದರು. ಮಂಜಿಗೆ ಚರ್ಮ ಮತ್ತೆ ಸಡಿಲವಾಗಿತ್ತು. ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಎಡಗೈ ಮುಟ್ಟಿಸಿ, ಬಲಗೈ ಬಿಟ್ಟರು.

ತೋಟದ ಬಾಯಿಂದ ಬೊಂಬುಗಳು ಒಂದೊಂದಾಗಿ ನೆಲಕ್ಕೆ ಬೀಳುವ ಸದ್ದು ಕೇಳಿತು. ಆಮೇಲೆ ಮಾತು. ಆಮೇಲೆ ಯಾರದೋ ನಗು.

ಜವರಯ್ಯ ಸತೀಶ್ ಕಡೆ ನೋಡಲಿಲ್ಲ. ಮಂಕಿ ಕ್ಯಾಪನ್ನು ಇನ್ನಷ್ಟು ಕೆಳಗೆಳೆದುಕೊಂಡು ಮುಂದಿನ ಬ್ಲಾಕಿಗೆ ಹೊರಟರು.

ನಾಣಯ್ಯನವರಿಗೆ ವಿಷಯ ತಲುಪಿದಾಗ ಜೋರಾಗಿ ನಕ್ಕರಂತೆ. "ಸರಿ, ಆ ಒಂದು ಇರ್ಲಿ. ಬಾಕಿದ್ದು ಬೇಡ" ಎಂದಿದ್ದಾರೆ. ಸ್ಪೀಕರ್ ಗೋದಾಮಿನಲ್ಲಿ ಹೊದ್ದು ಮಲಗಿದೆ. ಮುಂದಿನ ವರ್ಷದ ಹಣ್ಣಿಗೆ ಅದು ಎದ್ದು ಬರುತ್ತದೋ ಇಲ್ಲವೋ ಯಾರಿಗೂ ತಿಳಿಯದು. ಒಂಟಿ ಸಲಗ ಆಮೇಲೆ ಈ ಕಡೆ ಬಂದಿಲ್ಲ. ಬರದಿದ್ದರೆ ಒಳ್ಳೆಯದು ಎಂದು ಜವರಯ್ಯ ಹೇಳುತ್ತಾರೆ. ಹೇಳುವಾಗ ಅತ್ತಿಮರದ ಕಡೆ ಒಮ್ಮೆ ನೋಡುತ್ತಾರೆ.

ಹಾಗೆಂದು ಬದುಕೇನೂ ಬದಲಾಗಿಲ್ಲ. ಹೆಂಗಸರು ಒಳಗೆ ಬರುವ ಹೊತ್ತಿಗೆ ಇವರು ಇನ್ನೊಂದು ಬ್ಲಾಕಿನಲ್ಲಿರುತ್ತಾರೆ. ಮಧ್ಯಾಹ್ನದ ಬುತ್ತಿ ಒಬ್ಬರೇ ಬಿಚ್ಚುತ್ತಾರೆ. ತೂಕದ ಹೊತ್ತಿಗೆ ಸಿದ್ದಿ ಎದುರಾದರೆ "ಕೈ ಹೆಂಗಿದೆ ಅಣ್ಣ?" ಎಂದು ಕೇಳಿ, ಉತ್ತರ ಬರುವ ಮುಂಚೆಯೇ ಚೀಲ ಹೊತ್ತು ಹೋಗಿರುತ್ತಾರೆ. ಅಷ್ಟೂ ಪಾಠದಲ್ಲಿ ಒಂದಕ್ಕೆ ಕಿವಿ ಸಿಕ್ಕಿದೆ. ಉಳಿದವು ಗೋಣಿಚೀಲದ ಮೇಲೆಯೇ.

ಹೌದು, ಗೋಣಿಚೀಲ ಮತ್ತೆ ಮೆಟ್ಟಿಲಿಗೆ ಬಂದಿದೆ. ಈ ಬೆಳಿಗ್ಗೆಯೂ ಬೆಂಕಿ ಹೊತ್ತಿಸುವ ಮುಂಚೆ ಜವರಯ್ಯ ಅಲ್ಲಿ ಕೂತು, ನೋಯುವ ಹೆಬ್ಬೆರಳನ್ನು ಒಮ್ಮೆ ಹಿಸುಕಿಕೊಂಡು, ಕೆದಕಿನಿಂದ ಹಿಡಿದು ಅತ್ತೆ–ಸೊಸೆಯವರೆಗೆ ಒಂದನ್ನೂ ಬಿಡದೆ ಒಪ್ಪಿಸಿದ್ದಾರೆ. ತಮಟೆ ಕಾಯಿಸಿ ಮುಗಿದ ಹೊತ್ತಿಗೆ, ಹಾಲಿಗೆ ಹೊರಟ ಸತೀಶ್ ಮೆಟ್ಟಿಲ ಮೇಲಿನ ಗೋಣಿ ಕಂಡು ಬೈಕು ನಿಧಾನ ಮಾಡಿ, "ಸಾವ್ಕಾರ್ರು ಬೇಡ ಅಂದ ಮೇಲೂ ಬಿಡಲ್ವಲ್ಲ ಜವರಣ್ಣ. ಯಾರು ಕೇಳ್ತಾರೆ ಇದನ್ನೆಲ್ಲ?" ಎಂದು ಕೇಳಿದ್ದಾರೆ. ರೇಗಿಸಲು ಅಲ್ಲ, ನಿಜವಾಗಿಯೂ ತಿಳಿಯದೆ.

ಜವರಯ್ಯ ಗೋಣಿಚೀಲ ಕೊಡವಿ ಮಡಚುತ್ತಾರೆ. ತಮಟೆಯನ್ನು ಹೆಗಲಿಗೇರಿಸುತ್ತಾರೆ. ದಾರಿಯಲ್ಲಿ ಮಂಜು ಎಷ್ಟಿದೆಯೆಂದರೆ ನಾಲ್ಕು ಹೆಜ್ಜೆ ಇಟ್ಟರೆ ಮನುಷ್ಯ ಕಾಣುವುದಿಲ್ಲ. ಉತ್ತರ ಮಂಜಿನೊಳಗಿನಿಂದ ಬರುತ್ತದೆ.

"ಹೊಸ್ತಿಲನ್ನೂ ಯಾರೂ ಕೇಳಲ್ಲ ಅಂತ್ಲೇ ಬಾರಿಸ್ತಿದ್ದೆ ಕಣಪ್ಪ."